ಅಪ್ಪಯ್ಯನ ತಟ್ಟೆಗೆ ಬಿದ್ದ 52 ಗ್ರಾಂ

ಈ ಮಳೆಗಾಲ ಅಪ್ಪಯ್ಯ, ಅಮ್ಮ ಇಬ್ಬರೂ ಶಿವಮೊಗ್ಗದಲ್ಲಿ ನಮ್ಮನೆಯಲ್ಲೇ ಇದ್ದಾರೆ. ಊರು ತೀರ್ಥಹಳ್ಳಿ ಹತ್ತಿರ. ತೋಟದ ಮಧ್ಯೆ ಮನೆ. ಮಳೆ ಹಿಡಿದರೆ ಕರೆಂಟ್ ಇರಲ್ಲ, ರಾತ್ರಿ ಏನಾದರೂ ಆದರೆ ಡಾಕ್ಟರ್ ಹತ್ತಿರ ಹೋಗೋಕೆ ಗಾಡಿಯೂ ಸಿಗಲ್ಲ. ಅಪ್ಪಯ್ಯನಿಗೆ ಬಿಪಿ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ನಾನೇ ಹಠ ಮಾಡಿ ಕರೆದುಕೊಂಡು ಬಂದೆ. ಅಡಿಕೆಗೆ ಕೊಳೆ ಔಷಧಿ ಒಂದು ಸುತ್ತು ಹೊಡೆಸದೆ ಬರೋದೇ ಇಲ್ಲ ಅಂದಿದ್ದರು, ಹೊಡೆಸಿಯೇ ಬಂದರು.

ಡಾಕ್ಟರ್ ಹೇಳಿದ್ದು ಕಷ್ಟದ್ದೇನಲ್ಲ. ಮಾತ್ರೆ ತಪ್ಪಿಸಬಾರದು, ತೂಕ ಸ್ವಲ್ಪ ಇಳಿಸಬೇಕು, ತರಕಾರಿ ಜಾಸ್ತಿ ತಿನ್ನಬೇಕು, ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಹೇಳೋಕೆ ಸುಲಭ. ಆದರೆ ಅಪ್ಪಯ್ಯನಿಗೆ ಮಜ್ಜಿಗೆ ಅನ್ನದ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದ ಊಟವೇ ಗೊತ್ತಿಲ್ಲ. ಚಿಕ್ಕಂದಿನಿಂದ ಹಾಗೇ ಉಂಡು ಬೆಳೆದವರು. ನಾವು ಯಾರೂ ಹೇಳೋ ಮುಂಚೆ ಅವರೇ ಅಮ್ಮನಿಗೆ, 'ಆ ಮಿಡಿ ಜಾಡಿ ಕಣ್ಣಿಗೆ ಕಾಣೋ ಹಾಗೆ ಇಡಬೇಡ ಮಾರಾಯ್ತಿ' ಅಂದರು. ಅಷ್ಟೇ. ಅವತ್ತಿಂದ ಒಂದು ದಿನವೂ ಕೇಳಿಲ್ಲ. ನನಗೆ ಅದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತರಕಾರಿ ಜಾಸ್ತಿ ಮಾಡೋ ಜವಾಬ್ದಾರಿ ನನ್ನದಾಯ್ತು. ರಾತ್ರಿ ಊಟಕ್ಕೆ ಮುಂಚೆ ಒಂದು ತಟ್ಟೆ ಸೌತೆಕಾಯಿ, ಕ್ಯಾರೆಟ್, ಟೊಮೆಟೊ, ಸ್ವಲ್ಪ ಎಲೆಕೋಸು. ಮೊದಲ ವಾರ ಅಪ್ಪಯ್ಯ ಅರ್ಧ ತಿಂದು ಬಿಡುತ್ತಿದ್ದರು. ಹಸಿ ತರಕಾರಿ ಗಂಟಲಲ್ಲಿ ಇಳಿಯಲ್ಲ ಅಂತ. ಆಗ ನಾನು ಪೇಟೆಯ ಒಂದು ಸೂಪರ್ ಮಾರ್ಕೆಟ್‌ನಿಂದ ಬಿಳಿ ಬಣ್ಣದ, ಕೆನೆ ಕೆನೆ ಇರೋ ಸಲಾಡ್ ಡ್ರೆಸ್ಸಿಂಗ್ ಬಾಟಲಿ ತಂದೆ. ಎರಡು ಥರ ಇತ್ತು. ಒಂದು ಮಾಮೂಲಿ, ಇನ್ನೊಂದರ ಮೇಲೆ ದೊಡ್ಡದಾಗಿ 'ಲೈಟ್' ಅಂತ. ಅಂಗಡಿ ಹುಡುಗನನ್ನ ಕೇಳಿದೆ, ಬಿಪಿ ಇರೋರಿಗೆ ಯಾವುದು ಒಳ್ಳೆಯದು ಅಂತ. 'ಲೈಟ್ ತಗೊಳ್ಳಿ ಮೇಡಂ, ಅದರಲ್ಲಿ ಏನೂ ಇರಲ್ಲ' ಅಂದ. ತಗೊಂಡೆ.

ಅಪ್ಪಯ್ಯನಿಗೆ ಅದು ಬಹಳ ಹಿಡಿಸಿತು. ತಟ್ಟೆ ಖಾಲಿ ಆಗೋಕೆ ಶುರುವಾಯ್ತು. ಅವರೇ ಬಾಟಲಿ ಹಿಡಿದು ಸುತ್ತಲೂ ಹಾಕಿಕೊಳ್ಳೋರು, ನಾನು ಸಂತೋಷದಿಂದ ನೋಡುತ್ತಾ ನಿಲ್ಲುತ್ತಿದ್ದೆ. ಒಂದೂವರೆ ತಿಂಗಳು ಹೀಗೇ ನಡೀತು. ಮೂರೋ ನಾಲ್ಕೋ ಬಾಟಲಿ ಮುಗಿದವು.

ಒಂದು ಸಂಜೆ ಅಮ್ಮ ಕನ್ನಡಕ ಹಾಕಿಕೊಂಡು ಆ ಬಾಟಲಿಯ ಹಿಂಬದಿ ಓದುತ್ತಾ ಕೂತಿದ್ದಳು. ಅವಳಿಗೆ ಯಾವ ಪೊಟ್ಟಣ ಸಿಕ್ಕಿದರೂ ಓದೋ ಅಭ್ಯಾಸ. 'ಇಲ್ಲಿ ಸೋಡಿಯಂ ಅಂತ ಬರೆದಿದೆಯಲ್ಲೇ, ಅದು ಎಂತದು? ಉಪ್ಪೇ ಅಲ್ವನೇ ಅದು?' ಅಂದಳು.

ನಾನು ಬಾಟಲಿ ಇಸ್ಕೊಂಡು ನೋಡಿದೆ. 100 ಗ್ರಾಂಗೆ ಸೋಡಿಯಂ 950 ಮಿಲಿಗ್ರಾಂ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೂವರೆ ತಿಂಗಳು ಅವರ ಮಿಡಿ ಉಪ್ಪಿನಕಾಯಿ ಬಿಡಿಸಿ, ಅದೇ ಉಪ್ಪನ್ನ ಬೇರೆ ದಾರಿಯಲ್ಲಿ ನಾನೇ ಬಡಿಸುತ್ತಿದ್ದೆ.

ಮರುದಿನ ಸುಮ್ನೆ ಬೇಜಾರು ಮಾಡಿಕೊಂಡು ಕೂರೋ ಬದಲು ಲೆಕ್ಕ ಹಾಕೋಣ ಅಂತ ಕೂತೆ. ಅಡಿಗೆಮನೆಯ ಸಣ್ಣ ತೂಕದ ಮೆಷಿನ್ ತೆಗೆದೆ. ಊಟಕ್ಕೆ ಮುಂಚೆ ಅಪ್ಪಯ್ಯನ ಸಲಾಡ್ ತಟ್ಟೆ ತೂಗಿ ಇಟ್ಟೆ, ಅವರು ಎಂದಿನಂತೆ ಡ್ರೆಸ್ಸಿಂಗ್ ಹಾಕಿಕೊಂಡ ಮೇಲೆ 'ಒಂದು ನಿಮಿಷ ಕೊಡಿ ಅಪ್ಪಯ್ಯ' ಅಂತ ಇನ್ನೊಮ್ಮೆ ತೂಗಿದೆ. 52 ಗ್ರಾಂ ಬಿದ್ದಿತ್ತು.

ಬಾಟಲಿ ಮೇಲೆ ಒಂದು ಸಲಕ್ಕೆ ಎಷ್ಟು ಅಂತ ಬರೆದಿದೆ ಗೊತ್ತಾ? 15 ಗ್ರಾಂ. ಅಂದರೆ ಒಂದು ದೊಡ್ಡ ಚಮಚ. ಆ ಒಂದು ಚಮಚಕ್ಕೆ 36 ಕ್ಯಾಲೊರಿ, 3 ಗ್ರಾಂ ಕೊಬ್ಬು. ಓದಿದರೆ ನಿಜಕ್ಕೂ ಹಗುರ ಅನ್ನಿಸುತ್ತೆ. ಆದರೆ ತಟ್ಟೆಗೆ ಬಿದ್ದಿದ್ದು ಅದರ ಮೂರೂವರೆ ಪಟ್ಟು. 52 ಗ್ರಾಂಗೆ 125 ಕ್ಯಾಲೊರಿ, ಸೋಡಿಯಂ 494 ಮಿಲಿಗ್ರಾಂ. ಸೋಡಿಯಂ ಅನ್ನ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ, ಯಾಕಂದರೆ ಉಪ್ಪಿನಲ್ಲಿ ಸೋಡಿಯಂ ಇರೋದು ಸುಮಾರು ಐದರಲ್ಲಿ ಎರಡು ಪಾಲು. ಹಾಗೆ ನೋಡಿದರೆ ಸುಮಾರು ಒಂದೂಕಾಲು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂಗಿಂತ ಕಮ್ಮಿ, ಅಂದರೆ ನಮ್ಮ ಡಾಕ್ಟರ್ ಹೇಳಿದ ಅದೇ 5 ಗ್ರಾಂ ಉಪ್ಪು. ಅದರ ಕಾಲು ಭಾಗ ಊಟ ಶುರುವಾಗೋ ಮುಂಚೆ, ಸೌತೆಕಾಯಿ ಮೇಲೇ ಮುಗಿದುಹೋಗಿತ್ತು. ಇನ್ನು ಸಾರು, ಪಲ್ಯ, ಹಪ್ಪಳ ಬಾಕಿ ಇದ್ದವು.

ಆಮೇಲೆ ನಾನು ಅದೇ ಕಂಪನಿಯ ಮಾಮೂಲಿ ಬಾಟಲಿಯನ್ನೂ ತಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹಿಂಬದಿ ಓದಿದೆ. ಈ ಕೆಲಸವನ್ನ ಎಲ್ಲರೂ ಒಂದು ಸಲ ಮಾಡಬೇಕು. ಬಾಟಲಿ ಕೊಳ್ಳಲೇಬೇಕಂತಿಲ್ಲ, ಅಂಗಡಿಯಲ್ಲಿ ನಿಂತೇ ನೋಡಬಹುದು. ಮಾಮೂಲಿ ಬಾಟಲಿಯಲ್ಲಿ 100 ಗ್ರಾಂಗೆ 454 ಕ್ಯಾಲೊರಿ, ಕೊಬ್ಬು 46 ಗ್ರಾಂ, ಕಾರ್ಬೋಹೈಡ್ರೇಟ್ 9 ಗ್ರಾಂ, ಪ್ರೋಟೀನ್ 1 ಗ್ರಾಂ, ಸೋಡಿಯಂ 880 ಮಿಲಿಗ್ರಾಂ. ಲೈಟ್ ಬಾಟಲಿಯಲ್ಲಿ 240 ಕ್ಯಾಲೊರಿ, ಕೊಬ್ಬು 20 ಗ್ರಾಂ, ಕಾರ್ಬೋಹೈಡ್ರೇಟ್ 14 ಗ್ರಾಂ, ಪ್ರೋಟೀನ್ ಅದೇ 1 ಗ್ರಾಂ, ಸೋಡಿಯಂ 950. ಕೊಬ್ಬು ಅರ್ಧಕ್ಕಿಂತ ಕೆಳಗೆ ಇಳಿದಿದೆ, ಅದು ಸುಳ್ಳಲ್ಲ. ಕ್ಯಾಲೊರಿಯೂ ಹೆಚ್ಚುಕಮ್ಮಿ ಅರ್ಧ ಆಗಿದೆ. ಆದರೆ ಸಕ್ಕರೆ, ಪಿಷ್ಟ ಏರಿದೆ. ಉಪ್ಪು ಇಳಿಯೋದಿರಲಿ, ಸ್ವಲ್ಪ ಏರಿದೆ. ಲೈಟ್ ಅನ್ನೋ ಮಾತು ಎಣ್ಣೆಗೆ ಹೇಳಿದ್ದು. ಉಪ್ಪಿಗೆ ಅದು ಹೇಳಿದ್ದೇ ಅಲ್ಲ. ನನಗೆ ಬೇಕಾಗಿದ್ದು ಉಪ್ಪಿನ ಲೆಕ್ಕ, ನಾನು ಓದಿಕೊಂಡು ಬಂದಿದ್ದು ಎಣ್ಣೆಯ ಲೆಕ್ಕ.

ಇನ್ನೊಂದು ವಿಷಯ ಲೆಕ್ಕ ಹಾಕುವಾಗ ಗೊತ್ತಾಯ್ತು. ಮಾಮೂಲಿ ಡ್ರೆಸ್ಸಿಂಗ್ ಅನ್ನ ಒಂದೇ ಚಮಚ, 15 ಗ್ರಾಂ ಹಾಕಿಕೊಂಡರೆ 68 ಕ್ಯಾಲೊರಿ, 132 ಮಿಲಿಗ್ರಾಂ ಸೋಡಿಯಂ. ಅಪ್ಪಯ್ಯ ಹಾಕಿಕೊಂಡ ಲೈಟ್‌ಗಿಂತ ಎರಡೂ ಕಮ್ಮಿ! 'ಇದರಲ್ಲಿ ಏನೂ ಇಲ್ಲ, ಎಷ್ಟಾದರೂ ಹಾಕ್ಕೊಳ್ಳಿ' ಅಂತ ನಾನೇ ಅವರಿಗೆ ಹೇಳಿದ್ದೆ. ಆ ಮಾತೇ ಅಷ್ಟು ಜಾಸ್ತಿ ಹಾಕಿಸಿದ್ದು.

ಹಾಗಾದರೆ ಲೈಟ್ ಅಂದರೆ ಏನು? ಅದು ಒಂದು ಹೋಲಿಕೆಯ ಮಾತು. ಅಣ್ಣನಿಗಿಂತ ತಮ್ಮ ಸಣ್ಣ ಅಂದ ಹಾಗೆ. ತಮ್ಮನ ತೂಕ ಎಷ್ಟು ಅಂತ ಅದರಿಂದ ಗೊತ್ತಾಗಲ್ಲ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಅಳತೆ ಇದೆ. ಕ್ಯಾಲೊರಿಯ ಅರ್ಧಕ್ಕಿಂತ ಜಾಸ್ತಿ ಕೊಬ್ಬಿನಿಂದಲೇ ಬರೋ ಡ್ರೆಸ್ಸಿಂಗ್‌ನಂಥ ಪದಾರ್ಥಕ್ಕೆ ಲೈಟ್ ಅಂತ ಹೆಸರು ಇಡಬೇಕಾದರೆ ಮಾಮೂಲಿಗಿಂತ ಕೊಬ್ಬು ಕನಿಷ್ಠ ಅರ್ಧ ಇಳಿದಿರಬೇಕು. ಲೋ ಫ್ಯಾಟ್, ಅಂದರೆ ಕೊಬ್ಬು ಕಮ್ಮಿ ಅನ್ನೋದು ಬೇರೆಯದೇ ಮಾತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಗಟ್ಟಿ ಪದಾರ್ಥದಲ್ಲಿ 100 ಗ್ರಾಂಗೆ 3 ಗ್ರಾಂಗಿಂತ ಜಾಸ್ತಿ ಕೊಬ್ಬು ಇದ್ದರೆ ಲೋ ಫ್ಯಾಟ್ ಅನ್ನೋ ಹಾಗಿಲ್ಲ. ನನ್ನ ಲೈಟ್ ಬಾಟಲಿಯಲ್ಲಿ 20 ಇದೆ. ಕಂಪನಿಯವರು ಲೋ ಫ್ಯಾಟ್ ಅಂತ ಬರೆದಿಲ್ಲ, ಬರೆದಿದ್ದು ಲೈಟ್ ಅಂತ ಮಾತ್ರ. ಲೈಟ್ ಓದಿ ಲೋ ಫ್ಯಾಟ್ ಅಂದುಕೊಂಡಿದ್ದು ನಾನು.

ಉಪ್ಪು ಯಾಕೆ ಇಳಿಯಲ್ಲ ಅನ್ನೋದು ಅರ್ಥ ಆಗಬೇಕಾದರೆ ಈ ಬಿಳಿ ಕೆನೆ ಹೇಗೆ ಆಗುತ್ತೆ ಅಂತ ತಿಳಿಯಬೇಕು. ನನಗೆ ಇದು ಓದುತ್ತಾ ಓದುತ್ತಾ ಬಹಳ ಇಷ್ಟವಾಯ್ತು. ಎಣ್ಣೆ, ನೀರು ಸೇರಲ್ಲ ಅಲ್ವಾ? ಆದರೆ ಎಣ್ಣೆಯನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಆ ಹನಿಗಳು ಮತ್ತೆ ಕೂಡದ ಹಾಗೆ ಸುತ್ತಲೂ ಒಂದು ಪದರ ಕಟ್ಟಿದರೆ ಅವು ನೀರಿನಲ್ಲಿ ಹಾಗೇ ನಿಲ್ಲುತ್ತವೆ. ಮೊಟ್ಟೆ ಹಾಕಿದ ಮಯೋನೀಸ್‌ನಲ್ಲಿ ಈ ಪದರ ಕಟ್ಟೋದು ಮೊಟ್ಟೆಯ ಹಳದಿ. ಮಯೋನೀಸ್‌ನಲ್ಲಿ ಎಣ್ಣೆ ಮುಕ್ಕಾಲು ಪಾಲು ಇರುತ್ತೆ. ಹನಿಗಳು ಒಂದಕ್ಕೊಂದು ಒತ್ತಿಕೊಂಡು, ಅಡಿಕೆ ಗೋಣಿಯೊಳಗೆ ಅಡಿಕೆ ತುಂಬಿದ ಹಾಗೆ, ಅಲುಗಾಡೋಕೆ ಜಾಗ ಇಲ್ಲದೆ ಗಟ್ಟಿಯಾಗಿ ಕೂತಿರುತ್ತವೆ. ಬಾಯಿಗೆ ಕೆನೆ ಅನ್ನಿಸೋದು ಅದಕ್ಕೇ. ಈಗ ಅರ್ಧ ಎಣ್ಣೆ ತೆಗೆದು ಆ ಜಾಗಕ್ಕೆ ನೀರು ಹಾಕಿ ನೋಡಿ. ಗೋಣಿ ಸಡಿಲ ಆಗುತ್ತೆ. ಡ್ರೆಸ್ಸಿಂಗ್ ಮಜ್ಜಿಗೆ ಥರ ಹರಿಯುತ್ತೆ. ರುಚಿಯೂ ಸಪ್ಪೆ. ಕೊಬ್ಬಿನಲ್ಲಿ ಕರಗೋ ಪರಿಮಳಗಳು ನಾಲಿಗೆ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತವೆ, ನೀರಿನಲ್ಲಿ ಹಾಗೆ ನಿಲ್ಲಲ್ಲ.

ಅದಕ್ಕೆ ಎರಡು ರಿಪೇರಿ ಮಾಡಬೇಕಾಗುತ್ತೆ. ಗಟ್ಟಿ ಮಾಡೋಕೆ ಪಿಷ್ಟ ಮತ್ತು ಗೋಂದು. ರುಚಿ ತರೋಕೆ ಸಕ್ಕರೆ, ಉಪ್ಪು, ವಿನೆಗರ್. ಪದಾರ್ಥಗಳ ಪಟ್ಟಿ ಓದಿದರೆ ಇದು ನೇರವಾಗಿ ಕಾಣುತ್ತೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನ ಮೊದಲು ಬರೆಯಬೇಕು ಅನ್ನೋದು ನಿಯಮ. ಮಾಮೂಲಿ ಬಾಟಲಿಯಲ್ಲಿ ಮೊದಲು ಎಣ್ಣೆ ಇತ್ತು. ಲೈಟ್ ಬಾಟಲಿಯಲ್ಲಿ ಮೊದಲು ನೀರು, ಆಮೇಲೆ ಎಣ್ಣೆ, ಆಮೇಲೆ ಸಕ್ಕರೆ, ಪಿಷ್ಟ, ಉಪ್ಪು. ನೀರಿಗೆ ನಾನು ದುಡ್ಡು ಕೊಡುತ್ತಿದ್ದೆ ಅಂತ ಹೇಳೋದು ತಪ್ಪಾಗುತ್ತೆ, ಏಕೆಂದರೆ ಕ್ಯಾಲೊರಿ ಇಳಿದಿದ್ದು ಆ ನೀರಿನಿಂದಲೇ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟಕ್ಕೆ ಸಕ್ಕರೆಗೆ 4, ನೀರಿಗೆ ಸೊನ್ನೆ.

ಪಟ್ಟಿಯಲ್ಲಿ ಐಎನ್‌ಎಸ್ 415 ಅಂತ ಒಂದು ನಂಬರ್ ಇತ್ತು, ಆಹಾರಕ್ಕೆ ಸೇರಿಸೋ ಪದಾರ್ಥಗಳಿಗೆ ಕೊಡೋ ನಂಬರ್. ಅದು ಕ್ಸಾಂಥನ್ ಗಮ್. ಇದರ ಕಥೆ ಅಪ್ಪಯ್ಯನಿಗೆ ಬಹಳ ಹಿಡಿಸಿತು. ಎಲೆಕೋಸಿಗೆ ಕಪ್ಪು ಕೊಳೆ ರೋಗ ತರೋ ಒಂದು ಬ್ಯಾಕ್ಟೀರಿಯಾ ಇದೆ, ಕ್ಸಾಂಥೊಮೊನಾಸ್ ಅಂತ. ಅದು ಸಕ್ಕರೆ ತಿಂದು ಲೋಳೆ ಥರದ ಅಂಟು ಬಿಡುತ್ತೆ. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಶಾಲೆಯವರು ಆ ಅಂಟನ್ನ ಬೇರ್ಪಡಿಸಿದರು, 1969ರಲ್ಲಿ ಅಲ್ಲಿ ಅದನ್ನ ಆಹಾರಕ್ಕೆ ಹಾಕೋಕೆ ಒಪ್ಪಿಗೆ ಸಿಕ್ಕಿತು. ಅದರ ಗುಣ ಏನು ಅಂದರೆ ಬಾಟಲಿ ನಿಂತಾಗ ಗಟ್ಟಿ, ಅಲುಗಾಡಿಸಿ ಬಗ್ಗಿಸಿದರೆ ಸರಾಗವಾಗಿ ಹರಿಯುತ್ತೆ, ತರಕಾರಿ ಮೇಲೆ ಬಿದ್ದ ಮೇಲೆ ಮತ್ತೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಡ್ರೆಸ್ಸಿಂಗ್‌ಗೆ ಬೇಕಾಗಿದ್ದು ಅದೇ. ಅಪ್ಪಯ್ಯನಿಗೆ ಕೊಳೆ ಅಂದರೆ ಅಡಿಕೆ ಕೊಳೆ, ವರ್ಷ ವರ್ಷ ಬೋರ್ಡೋ ಔಷಧಿ ಹೊಡೆಸಿ ಹೊಡೆಸಿ ಸಾಕಾಗಿದೆ. 'ಕೊಳೆ ರೋಗದಿಂದಲೂ ಉಪಯೋಗ ಮಾಡ್ಕೊಂಡ್ರಲ್ಲ' ಅಂತ ಆಶ್ಚರ್ಯಪಟ್ಟರು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಈ ನಂಬರ್‌ಗಳನ್ನ ನೋಡಿ ಹೆದರಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ಬರೋ ಹಾಗೆ ಎಲ್ಲವೂ ವಿಷ ಅನ್ನೋದು ಸರಿಯಲ್ಲ. ಕ್ಸಾಂಥನ್ ಗಮ್ ಹಾಕೋದು ಚಿಟಿಕೆಯಷ್ಟು. ಪಿಷ್ಟ ಹಾಕಿ ಗಟ್ಟಿ ಮಾಡೋದು ನಮಗೆ ಹೊಸತೂ ಅಲ್ಲ. ಮಜ್ಜಿಗೆಹುಳಿ ಒಡೆಯಬಾರದು, ನೀರಾಗಬಾರದು ಅಂತ ಅಮ್ಮ ನೆನೆಸಿದ ಅಕ್ಕಿ, ಕಡಲೆಬೇಳೆ ರುಬ್ಬಿ ಹಾಕೋದು ಅದೇ ಕೆಲಸಕ್ಕೆ. ನನ್ನ ತಕರಾರು ಗೋಂದಿನ ಮೇಲಲ್ಲ. ಉಪ್ಪಿನ ಮೇಲೆ, ಮತ್ತೆ ಒಂದು ಚಮಚ ಅನ್ನೋ ಆ ಅಳತೆ ಮೇಲೆ. ಯಾರ ಮನೆಯಲ್ಲಿ ಸಲಾಡ್‌ಗೆ ಅಳೆದು ಒಂದೇ ಚಮಚ ಹಾಕ್ಕೊಳ್ಳುತ್ತಾರೆ ಹೇಳಿ. ನಮ್ಮಲ್ಲಿ 2020ರ ಲೇಬಲ್ ನಿಯಮ ಬಂದ ಮೇಲೆ 100 ಗ್ರಾಂ ಲೆಕ್ಕವೂ ಇರುತ್ತೆ, ಒಂದು ಸಲಕ್ಕೆ ತಿನ್ನೋದರಲ್ಲಿ ದಿನದ ಪಾಲು ಎಷ್ಟು ಶೇಕಡಾ ಅಂತಲೂ ಇರುತ್ತೆ. ಆ ಶೇಕಡಾ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಅದು ಅವರ ಚಮಚದ ಲೆಕ್ಕ. 100 ಗ್ರಾಂ ಲೆಕ್ಕ ತಗೊಂಡು ನಿಮ್ಮ ಕೈ ಅಳತೆಗೆ ಗುಣಿಸಿಕೊಳ್ಳಿ.

ಲೆಕ್ಕ ಹಾಕುತ್ತಾ ಕೂತಾಗ ನನಗೆ ಇನ್ನೊಂದು ಯೋಚನೆ ಬಂತು. ಎಣ್ಣೆ ಇಲ್ಲದ, ಫ್ಯಾಟ್ ಫ್ರೀ ಅನ್ನೋ ಡ್ರೆಸ್ಸಿಂಗ್ ಹುಡುಕಿದರೆ ಹೇಗೆ, ಅಥವಾ ಬರೀ ನಿಂಬೆಹುಳಿ ಹಿಂಡಿಕೊಟ್ಟರೆ ಹೇಗೆ ಅಂತ. ಆದರೆ ಅದೂ ಪೂರ್ತಿ ಸರಿಯಿಲ್ಲ. ಕ್ಯಾರೆಟ್, ಟೊಮೆಟೊ, ಸೊಪ್ಪಿನಲ್ಲಿರೋ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಸತ್ವಗಳು ಕೊಬ್ಬಿನ ಜೊತೆಯೇ ರಕ್ತಕ್ಕೆ ಸೇರೋದು. ಎ, ಡಿ, ಇ, ಕೆ ವಿಟಮಿನ್‌ಗಳೂ ಹಾಗೇ. 2004ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನ ಪರೀಕ್ಷೆ ಮಾಡಿದರು. ಕೆಲವೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನ ಅದು. ಒಂದೇ ಥರದ ಸಲಾಡ್, ಡ್ರೆಸ್ಸಿಂಗ್ ಮಾತ್ರ ಮೂರು ಥರ. ಒಂದರಲ್ಲಿ ಎಣ್ಣೆ ಇಲ್ಲ, ಒಂದರಲ್ಲಿ 6 ಗ್ರಾಂ, ಇನ್ನೊಂದರಲ್ಲಿ 28 ಗ್ರಾಂ. ಎಣ್ಣೆ ಇಲ್ಲದ್ದು ತಿಂದಾಗ ಕ್ಯಾರೊಟಿನಾಯ್ಡ್ ರಕ್ತಕ್ಕೆ ಸೇರಲೇ ಇಲ್ಲ ಅನ್ನೋವಷ್ಟು ಕಮ್ಮಿ. 6 ಗ್ರಾಂನಲ್ಲಿ ಸೇರಿತು. 28ರಲ್ಲಿ ಇನ್ನೂ ಜಾಸ್ತಿ ಸೇರಿತು. ಅಂದರೆ ಅಷ್ಟು ಕಷ್ಟಪಟ್ಟು ಕ್ಯಾರೆಟ್ ಹೆಚ್ಚಿ ಕೊಟ್ಟು, ಅದರ ಸಾರ ಮೈಗೆ ಹತ್ತದೆ ಹೋದರೆ ಏನು ಬಂತು? ಸ್ವಲ್ಪ ಕೊಬ್ಬು ಬೇಕು. ಕೋಸಂಬರಿಗೆ ಕೊಬ್ಬರಿ ಎಣ್ಣೆ ಒಗ್ಗರಣೆ ಹಾಕೋದಕ್ಕೆ ರುಚಿಯಷ್ಟೇ ಕಾರಣ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಈ ವಿಷಯದಲ್ಲಿ ಲೈಟ್ ಡ್ರೆಸ್ಸಿಂಗ್ ಕೆಟ್ಟದ್ದಲ್ಲ, 30 ಗ್ರಾಂ ಹಾಕಿಕೊಂಡರೆ 6 ಗ್ರಾಂ ಕೊಬ್ಬು ಸಿಗುತ್ತೆ.

ಅಮ್ಮ ಇದೆಲ್ಲ ಕೇಳಿಸಿಕೊಂಡು, 'ಹಾಗಾದರೆ ಸಾಸಿವೆ ಮಾಡಿದರೆ ಆಯ್ತಲ್ಲೇ' ಅಂದಳು.

ಮಲೆನಾಡಿನ ಹೊರಗಿನವರಿಗೆ ಹೇಳಬೇಕು. ಸಾಸಿವೆ ಅಂದರೆ ಬರೀ ಸಾಸಿವೆ ಕಾಳಲ್ಲ. ತೆಂಗಿನತುರಿ, ಸಾಸಿವೆ ಕಾಳು, ಹಸಿಮೆಣಸು ನುಣ್ಣಗೆ ರುಬ್ಬಿ, ಮೊಸರಿಗೆ ಕಲಸಿ, ಹೆಚ್ಚಿದ ಸೌತೆಕಾಯಿಗೋ ಬೇಯಿಸಿದ ತರಕಾರಿಗೋ ಹಾಕಿದ್ದನ್ನ ನಾವು ಸಾಸಿವೆ ಅಂತೀವಿ. ಬಿಳಿ, ಕೆನೆ, ಸ್ವಲ್ಪ ಹುಳಿ, ಮೂಗಿಗೆ ಹತ್ತೋ ಸಾಸಿವೆ ಘಾಟು. ಇದು ಸಲಾಡ್ ಡ್ರೆಸ್ಸಿಂಗ್ ಅಂತ ನಮಗೆ ಯಾವತ್ತೂ ಅನ್ನಿಸಿಲ್ಲ, ಏಕೆಂದರೆ ಅದನ್ನ ಬಾಳೆ ಎಲೆ ತುದಿಗೆ ಬಡಿಸಿದ್ದೇ ನೋಡಿದ್ದು.

ಮನೆಯದ್ದು ಅಂದ ಕೂಡಲೇ ಒಳ್ಳೆಯದು ಅಂತ ಒಪ್ಪಿಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ. ಬಾಟಲಿಗೆ ಹಿಡಿದ ತಕ್ಕಡಿಯನ್ನೇ ಅಮ್ಮನ ಸಾಸಿವೆಗೂ ಹಿಡಿದೆ. ನಾಲ್ಕು ಜನಕ್ಕೆ ಅವಳು ಹಾಕಿದ್ದು 50 ಗ್ರಾಂ ತೆಂಗಿನತುರಿ, 200 ಗ್ರಾಂ ಮೊಸರು. ಹಸಿ ತೆಂಗಿನಕಾಯಿಯಲ್ಲಿ 100 ಗ್ರಾಂಗೆ ಸುಮಾರು 354 ಕ್ಯಾಲೊರಿ, 33 ಗ್ರಾಂ ಕೊಬ್ಬು. ಹಾಗಾದರೆ 50 ಗ್ರಾಂಗೆ 177 ಕ್ಯಾಲೊರಿ. ಮೊಸರು ಟೋನ್ಡ್ ಹಾಲಿನದು, ಅದರಲ್ಲಿ ಕೊಬ್ಬು 3 ಶೇಕಡಾ. 200 ಗ್ರಾಂಗೆ 120 ಕ್ಯಾಲೊರಿ ಹಿಡಿದುಕೊಳ್ಳಿ. ಸಾಸಿವೆ ಕಾಳು, ಮೆಣಸು ಲೆಕ್ಕಕ್ಕೆ ಬರಲ್ಲ. ಒಟ್ಟು ಸುಮಾರು 300 ಕ್ಯಾಲೊರಿ, ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ 75. ಕೊಬ್ಬು ಒಬ್ಬರಿಗೆ ಹತ್ತಿರ ಹತ್ತಿರ 6 ಗ್ರಾಂ.

30 ಗ್ರಾಂ ಲೈಟ್ ಡ್ರೆಸ್ಸಿಂಗ್‌ಗೆ 72 ಕ್ಯಾಲೊರಿ, 6 ಗ್ರಾಂ ಕೊಬ್ಬು. ಎರಡೂ ಒಂದೇ!

ನಾನು ಎರಡು ಸಲ ಲೆಕ್ಕ ಹಾಕಿದೆ. ಕ್ಯಾಲೊರಿಯಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಸಾಸಿವೆ ಒಬ್ಬರ ಪಾಲಿಗೆ 60 ಗ್ರಾಂ ಮೇಲೆ ಬರುತ್ತೆ, ಅದೂ 2 ಗ್ರಾಂ ಪ್ರೋಟೀನ್, ಮೊಸರಿನ ಕ್ಯಾಲ್ಸಿಯಂ ಎಲ್ಲಾ ಸೇರಿ. ಬಾಟಲಿಯ 30 ಗ್ರಾಂನಲ್ಲಿ ಪ್ರೋಟೀನ್ ಅರ್ಧ ಗ್ರಾಂ ಕೂಡ ಇಲ್ಲ. ಇನ್ನೊಂದು ಕಡೆ, ತೆಂಗಿನ ಕೊಬ್ಬಿನಲ್ಲಿ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು, ಹೃದಯದ ದೃಷ್ಟಿಯಿಂದ ಮಿತಿಯಲ್ಲಿರಬೇಕಾದ ಥರದ್ದು. ಒಬ್ಬರ ಪಾಲಿನ ಸಾಸಿವೆಯಲ್ಲಿ ಅದು ನಾಲ್ಕೂವರೆ ಗ್ರಾಂ ದಾಟುತ್ತೆ. ನಮ್ಮ ಲೇಬಲ್ ನಿಯಮದಲ್ಲಿ ದಿನಕ್ಕೆ ಹಿಡಿದಿರೋದು 22 ಗ್ರಾಂ, ಅದರ ಐದನೇ ಒಂದು ಭಾಗ ಒಂದು ಬಟ್ಟಲಿನಲ್ಲೇ ಬಂತು. ಡ್ರೆಸ್ಸಿಂಗ್ ಸೋಯಾ ಎಣ್ಣೆಯದು, 30 ಗ್ರಾಂನಲ್ಲಿ ಸ್ಯಾಚುರೇಟೆಡ್ 1 ಗ್ರಾಂ ಒಳಗೇ. ಈ ಒಂದು ವಿಷಯದಲ್ಲಿ ಬಾಟಲಿ ಗೆದ್ದಿತು. ನಮ್ಮ ಕಡೆ ತೆಂಗಿನಕಾಯಿ ಬಗ್ಗೆ ಒಂದು ಮಾತು ಆಡಿದರೂ ಸಿಟ್ಟು ಬರುತ್ತೆ, ನನಗೂ ಬರುತ್ತೆ, ಆದರೆ ಅಂಕಿ ಅಂಕಿಯೇ.

ಹಾಗಂತ ಸಾಸಿವೆ ಬಿಡಬೇಕಾಗಿಲ್ಲ, ಬದಲಾಯಿಸಿದರೆ ಆಯ್ತು. ಇದೇ ಅಲ್ವಾ ಮನೆಯಲ್ಲಿ ಮಾಡೋದರ ಅನುಕೂಲ? ಬಾಟಲಿಯೊಳಗಿನ ಉಪ್ಪನ್ನ ನಾನು ತೆಗೆಯೋಕಾಗಲ್ಲ. ಬಾಣಲೆಗೆ, ಬಟ್ಟಲಿಗೆ ಹಾಕೋ ಉಪ್ಪು ನನ್ನ ಕೈಯಲ್ಲಿದೆ. ತೆಂಗಿನತುರಿ ಅರ್ಧ ಮಾಡಿ 25 ಗ್ರಾಂ ಹಾಕಿದೆ. ತೆಂಗು ಕಮ್ಮಿ ಆದರೆ ತೆಳ್ಳಗಾಗುತ್ತೆ, ಅದಕ್ಕೆ ಮೊಸರನ್ನ ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ನೇತುಹಾಕಿದೆ. ನೀರು ಇಳಿದು ಮೊಸರು ಬೆಣ್ಣೆ ಥರ ಗಟ್ಟಿಯಾಗುತ್ತೆ, ಯಾವ ಗೋಂದೂ ಬೇಡ. ಇಳಿದ ನೀರನ್ನ ಅಮ್ಮ ಚಪಾತಿ ಹಿಟ್ಟಿಗೆ ಹಾಕಿದಳು. ಈಗ ಒಬ್ಬರಿಗೆ ಸುಮಾರು 50 ಕ್ಯಾಲೊರಿ, ಕೊಬ್ಬು ಮೂರೂವರೆ ಗ್ರಾಂ, ಸ್ಯಾಚುರೇಟೆಡ್ 3 ಗ್ರಾಂ ಒಳಗೆ. ಉಪ್ಪು ನಾಲ್ಕು ಜನಕ್ಕೆ ಸೇರಿ 1 ಗ್ರಾಂ, ತೂಗಿ ಹಾಕಿದ್ದು. ಒಬ್ಬರಿಗೆ 100 ಮಿಲಿಗ್ರಾಂ ಸೋಡಿಯಂ, ಮೊಸರಿನಲ್ಲಿ ತಾನಾಗಿ ಇರೋದು ಇನ್ನೊಂದು 20 ಸೇರಿಸಿಕೊಳ್ಳಿ. 494ರಿಂದ 120ಕ್ಕೆ ಬಂತು.

ಸಪ್ಪೆ ಆಗಲ್ವಾ ಅಂತ ಕೇಳಬಹುದು. ಮೊದಲ ದಿನ ಆಯ್ತು. ಆಮೇಲೆ ಎರಡು ವಿಷಯ ಕಲಿತೆವು. ಸಾಸಿವೆ ಕಾಳು ಅರ್ಧ ಚಮಚ ಜಾಸ್ತಿ ಹಾಕಿ ರುಬ್ಬಿದ ಕೂಡಲೇ ಬಡಿಸಿದರೆ ಆ ಘಾಟು ಉಪ್ಪಿನ ಕೊರತೆ ತುಂಬುತ್ತೆ, ತುಂಬಾ ಹೊತ್ತು ಇಟ್ಟರೆ ಕಹಿ ಬರುತ್ತೆ. ಮತ್ತೆ ಉಪ್ಪನ್ನ ಮೊದಲೇ ಕಲಸಬಾರದು. ಸೌತೆಕಾಯಿ ಉಪ್ಪು ಕಂಡರೆ ನೀರು ಬಿಡುತ್ತೆ, ಉಪ್ಪು ಆ ನೀರಿನಲ್ಲಿ ಸೇರಿ ತಟ್ಟೆ ತಳಕ್ಕೆ ಹೋಗುತ್ತೆ, ತಿನ್ನೋರಿಗೆ ಸಪ್ಪೆ ಅನ್ನಿಸಿ ಇನ್ನಷ್ಟು ಕೇಳುತ್ತಾರೆ. ತಟ್ಟೆಗೆ ಬಡಿಸೋ ಹೊತ್ತಿಗೆ ಮೇಲೆ ಉದುರಿಸಿದರೆ ನಾಲಿಗೆಗೆ ಮೊದಲು ಸಿಗೋದೇ ಅದು, ಅಷ್ಟೇ ಉಪ್ಪು ಜಾಸ್ತಿ ಅನ್ನಿಸುತ್ತೆ. ಒಂದೊಂದು ದಿನ ಸಾಸಿವೆ ಬದಲು ದೊಡ್ಡಪತ್ರೆಯನ್ನ ಹುರಿದು, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಇದೇ ಗಟ್ಟಿ ಮೊಸರಿಗೆ ಕಲಸ್ತೀವಿ. ತಂಬುಳಿಯದೇ ರುಚಿ, ನೀರು ಹಾಕದ ತಂಬುಳಿ. ಕ್ಯಾರೆಟ್ ತುಂಡನ್ನ ಅದರಲ್ಲಿ ಅದ್ದಿ ತಿನ್ನೋಕೆ ನನ್ನ ಮಗನೂ ಬರುತ್ತಾನೆ.

ಬಾಟಲಿ ಪೂರ್ತಿ ಬಿಟ್ಟಿಲ್ಲ. ಆಫೀಸಿಂದ ಬರೋದು ತಡವಾದ ದಿನ ರುಬ್ಬೋಕೆ ಆಗಲ್ಲ. ಅವತ್ತು ಲೈಟ್ ಡ್ರೆಸ್ಸಿಂಗ್ ಅನ್ನ ಅಳೆದು ಒಂದು ದೊಡ್ಡ ಚಮಚ ತೆಗೆದು ಎರಡು ಚಮಚ ಮೊಸರಿಗೆ ಕಲಸಿ ಕೊಡ್ತೀನಿ. ಒಂದು ಚಮಚದ 142 ಮಿಲಿಗ್ರಾಂ ಸೋಡಿಯಂ ಇಡೀ ತಟ್ಟೆಗೆ ಹರಡಿಕೊಳ್ಳುತ್ತೆ, ಕೆನೆಯೂ ಕಮ್ಮಿ ಅನ್ನಿಸಲ್ಲ. ಬಾಟಲಿ ಮಾತ್ರ ಊಟದ ಮೇಜಿಗೆ ಬರಲ್ಲ, ಫ್ರಿಜ್‌ನಿಂದ ಚಮಚಕ್ಕೆ, ಚಮಚದಿಂದ ಬಟ್ಟಲಿಗೆ.

ಅಪ್ಪಯ್ಯನಿಗೆ ನಾನು ನಡೆದಿದ್ದೆಲ್ಲ ಹೇಳಿದೆ. ಉಪ್ಪಿನಕಾಯಿ ಬಿಡಿಸಿ ಇದನ್ನ ಕೊಟ್ಟಿದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀನು ತರಕಾರಿ ತಿನ್ನೋದು ಕಲಿಸಿದೆಯಲ್ಲ ಮಗಾ' ಅಂದರು. ಈಗ ದಿನಾ ಸಂಜೆ ಅವರೇ ಮೊಸರು ಕಟ್ಟಿ ಕಿಟಕಿ ಸರಳಿಗೆ ನೇತುಹಾಕ್ತಾರೆ. ನಿನ್ನೆ ಸಂತೆಯಿಂದ ಮುಳ್ಳುಸೌತೆ ತಂದಿದ್ದಾರೆ, ನಾಲ್ಕು ಕಾಯಿ. ಎರಡು ಇವತ್ತಿಗೆ, ಎರಡು ನಾಳೆಗೆ ಅಂತ ಬೇರೆ ಬೇರೆ ಇಟ್ಟಿದ್ದಾರೆ.